ಮತ್ತೆ ಯಾಕಪ್ಪಾ ಹನಿ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಗೋಷ್ಠಿಯಲ್ಲಿ ಮಾತಾಡಲು ನನ್ನನ್ನು ಕರೆದಾಗ, ನಾನು ಕಂಪ್ಯೂಟರ್ ವಿಷಯ ಎತ್ತಿಕೊಳ್ಳುತ್ತೇನೆ ಎಂದು ಎಲ್ಲರೂ ತಿಳಿದಿದ್ದರು. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಡಾಕ್ಟರಲ್ಲ. ಆದರೂ ಇವತ್ತು ಮಕ್ಕಳ ಲಸಿಕೆಯ ಬಗ್ಗೆ ಮಾತಾಡುತ್ತೇನೆ. ಈ ಶಾಲೆಯಲ್ಲಿ ಓದುವಾಗ ನಮ್ಮೂರಿನ ಅಜ್ಜಿಯೊಬ್ಬರು ನನಗೆ ಒಂದು ಪ್ರಶ್ನೆ ಕೇಳಿದ್ದರು. ಆಗ ಉತ್ತರ ಗೊತ್ತಿರಲಿಲ್ಲ. ಅದನ್ನು ಇವತ್ತು ಇಲ್ಲೇ ಹೇಳಿ ಸಾಲ ತೀರಿಸಬೇಕೆಂದಿದ್ದೇನೆ.

2003ರ ಆರಂಭದ ಒಂದು ಪೋಲಿಯೊ ಭಾನುವಾರ. ನಾನಾಗ ಒಂಬತ್ತನೇ ತರಗತಿ. ನಮ್ಮ ಶಾಲೆಯ ವರಾಂಡವೇ ಬೂತ್. ಮಕ್ಕಳ ಎಡಗೈ ಕಿರುಬೆರಳಿಗೆ ಮಸಿ ಹಚ್ಚುವ ಕೆಲಸ ನನ್ನದು. ಮರುದಿನ ಅಂಗನವಾಡಿ ಟೀಚರ್ ಜೊತೆ ಮನೆ ಮನೆಗೆ ಹೋದೆವು. ಎಲ್ಲ ಮಕ್ಕಳಿಗೂ ಹನಿ ಆಗಿದ್ದರೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ 'ಪಿ' ಎಂದು ಬರೆಯಬೇಕು, ಒಂದು ಮಗು ಉಳಿದಿದ್ದರೂ 'ಎಕ್ಸ್' ಗುರುತು ಹಾಕಬೇಕು. ಟೀಚರ್ ಪಕ್ಕದ ಮನೆಯಲ್ಲಿದ್ದಾಗ ನಾನೊಬ್ಬನೇ ಒಂದು ಬಾಗಿಲು ತಟ್ಟಿದೆ. ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡ ಅಜ್ಜಿ ಹೊರಗೆ ಬಂದು, "ಹೋದ್ ವರ್ಷಾನೂ ಹಾಕುದ್ರಿ, ಅದ್ರ ಹಿಂದಿನ್ ವರ್ಷಾನೂ ಹಾಕುದ್ರಿ. ಮತ್ತೆ ಯಾಕಪ್ಪಾ ಹನಿ? ಮೊದ್ಲು ಹಾಕಿದ್ದು ಕೆಲ್ಸ ಮಾಡ್ಲಿಲ್ವಾ? ಮಾಡಿದ್ರೆ ಇದ್ಯಾಕೆ, ಮಾಡ್ದಿದ್ರೆ ಇದಾದ್ರೂ ಯಾಕೆ?" ಎಂದರು.

ನಾನು, "ಸರ್ಕಾರದೋರು ಹೇಳಿದಾರೆ ಅಜ್ಜಿ" ಎಂದೆ. ಅವರು ಬಾಗಿಲು ಹಾಕಿಕೊಂಡರು. ನಾನು ಎಕ್ಸ್ ಗುರುತು ಹಾಕಿ ಬಂದೆ.

ಅಜ್ಜಿಯ ಪ್ರಶ್ನೆಯಲ್ಲಿ ಮೂಢನಂಬಿಕೆ ಇರಲಿಲ್ಲ. ನಿಜ ಹೇಳಬೇಕೆಂದರೆ ದೊಡ್ಡ ದೊಡ್ಡ ವಿಜ್ಞಾನಿಗಳು ಕೇಳಿಕೊಂಡದ್ದೂ ಅದೇ ಪ್ರಶ್ನೆಯನ್ನು. ಶ್ರೀಮಂತ ದೇಶಗಳಲ್ಲಿ ಮೂರು ಸಲ ಪೋಲಿಯೊ ಹನಿ ಹಾಕಿದರೆ ಬಹುತೇಕ ಎಲ್ಲ ಮಕ್ಕಳಿಗೂ ರಕ್ಷಣೆ ಸಿಗುತ್ತಿತ್ತು. ನಮ್ಮ ದೇಶದ ಮಕ್ಕಳಲ್ಲಿ ಹಾಗಾಗುತ್ತಿಲ್ಲ ಎಂದು ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ ಅವರಂಥವರು 1970ರ ದಶಕದಿಂದಲೇ ಹೇಳುತ್ತಾ ಬಂದಿದ್ದರು. ಹನಿಯಲ್ಲಿರುವುದು ಬಲ ಕಳೆದ ಜೀವಂತ ವೈರಸ್. ಅದು ಮಗುವಿನ ಕರುಳಿನಲ್ಲಿ ನೆಲೆಯೂರಿದರೆ ಮಾತ್ರ ದೇಹ ಪಾಠ ಕಲಿಯುತ್ತದೆ. ಬೇಧಿಯಾಗುತ್ತಿರುವ, ಬೇರೆ ವೈರಸ್‌ಗಳು ಆಗಲೇ ತುಂಬಿಕೊಂಡಿರುವ ಕರುಳಿನಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ. ಸಾಲದ್ದಕ್ಕೆ, ಆಗಿನ ಹನಿಯಲ್ಲಿ ಮೂರು ಬಗೆಯ ಪೋಲಿಯೊ ವೈರಸ್‌ಗಳಿದ್ದು ಒಂದಕ್ಕೊಂದು ಅಡ್ಡಿಯಾಗುತ್ತಿದ್ದವು.

2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಅಂಕಿ ಕೊಟ್ಟಿತು. ಒಂದನೇ ಬಗೆಯ ಪೋಲಿಯೊ ವಿರುದ್ಧ ಒಂದು ಡೋಸ್ ಹನಿ ಕೊಡುತ್ತಿದ್ದ ರಕ್ಷಣೆ ಉತ್ತರ ಪ್ರದೇಶದಲ್ಲಿ ಸುಮಾರು ಶೇ. 9, ದೇಶದ ಉಳಿದ ಭಾಗಗಳಲ್ಲಿ ಸುಮಾರು ಶೇ. 21.

ಇಲ್ಲಿ ನಮ್ಮ ಗಣಿತದ ಮೇಷ್ಟ್ರನ್ನು ನೆನೆದುಕೊಂಡು ಒಂದು ಲೆಕ್ಕ ಮಾಡೋಣ. ನೂರು ಮಕ್ಕಳಿಗೆ ಮೊದಲ ಸಲ ಹನಿ ಹಾಕಿದಾಗ 21 ಮಕ್ಕಳಿಗೆ ರಕ್ಷಣೆ ಸಿಕ್ಕಿತು, 79 ಮಕ್ಕಳು ಉಳಿದರು. ಎರಡನೇ ಸಲ ಆ 79ರಲ್ಲಿ ಶೇ. 21 ಮಕ್ಕಳಿಗೆ ಸಿಗುತ್ತದೆ. ಪ್ರತಿ ಸಲವೂ ಇದೇ ಲೆಕ್ಕ ಎಂದು ಹಿಡಿದರೆ ಮೂರು ಸಲಕ್ಕೆ ಸುಮಾರು 51 ಮಕ್ಕಳು, ಹತ್ತು ಸಲಕ್ಕೆ ಸುಮಾರು 90 ಮಕ್ಕಳು. ಶೇ. 9ರ ಲೆಕ್ಕದಲ್ಲಿ ಹತ್ತು ಸಲ ಹಾಕಿದರೂ 61 ಮಕ್ಕಳಿಗಷ್ಟೇ ರಕ್ಷಣೆ. ನೆಟ್‌ವರ್ಕ್ ಸರಿಯಿಲ್ಲದ ಊರಿನಲ್ಲಿ ಫೋನ್ ಮಾಡುವಾಗ ಒಂದೇ ಸಲಕ್ಕೆ ಕೈಬಿಡುತ್ತೇವೆಯೇ? ಸಿಗುವ ತನಕ ಮಾಡುತ್ತೇವೆ. ಯಾವ ಮಗುವಿಗೆ ಸಿಕ್ಕಿದೆ, ಯಾವ ಮಗುವಿಗೆ ಸಿಕ್ಕಿಲ್ಲ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲರಿಗೂ ಮತ್ತೆ ಮತ್ತೆ ಹಾಕಿದರು.

ಬರೀ ಹೆಚ್ಚು ಸಲ ಹಾಕಿ ಸುಮ್ಮನಾಗಲಿಲ್ಲ, ಹನಿಯನ್ನೂ ಬದಲಿಸಿದರು. 2005ರಲ್ಲಿ ಒಂದೇ ಬಗೆಯ ವೈರಸ್ ಇರುವ ಹನಿ ಬಂತು, 2010ರಲ್ಲಿ ಎರಡು ಬಗೆಯದು ಬಂತು. ಇವು ಹೆಚ್ಚು ಚೆನ್ನಾಗಿ ಕೆಲಸ ಮಾಡಿದವು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಮಗುವೊಂದರಲ್ಲಿ ಕಂಡದ್ದೇ ನಮ್ಮ ದೇಶದ ಕೊನೆಯ ಸಹಜ ಪೋಲಿಯೊ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಅಂದು ಮನೆ ಮನೆ ಅಲೆದ ಮೇಷ್ಟ್ರು, ಟೀಚರ್‌ಗಳು, ಅಂಗನವಾಡಿಯವರು ಎಲ್ಲರ ಪಾಲೂ ಅದರಲ್ಲಿದೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. 2022ರಲ್ಲಿ ನನಗೆ ಮಗಳು ಹುಟ್ಟಿದಳು. ಆಗ ಮನೆಯಿಂದಲೇ ಕೆಲಸವಿದ್ದುದರಿಂದ ನಾವು ಊರಿನಲ್ಲೇ ಇದ್ದೆವು. ಆರನೇ ವಾರದ ಲಸಿಕೆಗೆ ಆರೋಗ್ಯ ಕೇಂದ್ರಕ್ಕೆ ಹೋದಾಗ, ಪೋಲಿಯೊ ಹನಿಯ ಜೊತೆ ತೋಳಿನ ಚರ್ಮದೊಳಗೆ ಒಂದು ಸಣ್ಣ ಚುಚ್ಚುಮದ್ದನ್ನೂ ಕೊಟ್ಟರು. ಅದೂ ಪೋಲಿಯೊ ಲಸಿಕೆಯೇ, ಪ್ರಮಾಣ 0.1 ಎಂ.ಎಲ್. ಬೆಂಗಳೂರಿನ ಗೆಳೆಯನ ಮಗುವಿಗೆ ಖಾಸಗಿ ಆಸ್ಪತ್ರೆಯಲ್ಲಿ 0.5 ಎಂ.ಎಲ್. ಕೊಟ್ಟಿದ್ದರು. ನನಗೆ ಸಿಟ್ಟು ಬಂತು. ದುಡ್ಡಿದ್ದವರ ಮಕ್ಕಳಿಗೆ ಪೂರ್ತಿ, ಹಳ್ಳಿ ಮಕ್ಕಳಿಗೆ ಐದನೇ ಒಂದು ಪಾಲೇ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣವೇ? ಮುಂದಿನ ಲಸಿಕೆಗೆ ಇಲ್ಲಿಗೆ ಬರುವುದೇ ಬೇಡ ಎಂದು ಮನೆಯಲ್ಲಿ ಹೇಳಿಬಿಟ್ಟೆ. 14ನೇ ವಾರ ದಾಟಿತು. ಕೊನೆಗೆ ಆಶಾ ಕಾರ್ಯಕರ್ತೆಯೇ ಮನೆ ಹುಡುಕಿಕೊಂಡು ಬಂದರು. ಆಗ ಬಾಗಿಲಲ್ಲಿ ನಿಂತಿದ್ದವನು ನಾನು, ಪ್ರಶ್ನೆ ಕೇಳಿದವನೂ ನಾನೇ. ಅವರು ಬೇಜಾರು ಮಾಡಿಕೊಳ್ಳದೆ ನನ್ನನ್ನು ಸಿಸ್ಟರ್ ಹತ್ತಿರ ಕರೆದುಕೊಂಡು ಹೋದರು. ಅವರು ಹೇಳಿದ್ದನ್ನು ಮನೆಗೆ ಬಂದು ಓದಿ ಖಚಿತ ಮಾಡಿಕೊಂಡೆ.

ಲಸಿಕೆ ಜ್ವರದ ಮಾತ್ರೆಯಂತಲ್ಲ. ಮಾತ್ರೆ ರಕ್ತದಲ್ಲಿ ಬೆರೆತು ಮೈಯೆಲ್ಲ ಹರಡಬೇಕು, ಅದಕ್ಕೇ ತೂಕ ನೋಡಿ ಕೊಡುತ್ತಾರೆ. ಲಸಿಕೆಯ ಕೆಲಸ ಪಾಠ ಹೇಳುವುದು. ಕೊಟ್ಟ ಜಾಗದ ಹತ್ತಿರವೇ ರೋಗನಿರೋಧಕ ಕಣಗಳಿಗೆ ಶತ್ರುವಿನ ಗುರುತು ತೋರಿಸಿದರೆ ಸಾಕು. ಆ ಕಣಗಳು ಸ್ನಾಯುವಿಗಿಂತ ಚರ್ಮದಲ್ಲಿ ಬಹಳ ಹೆಚ್ಚು. ಹಾಗಾಗಿ ಚರ್ಮದೊಳಗೆ ಕೊಟ್ಟಾಗ ಕಡಿಮೆ ಮದ್ದು ಸಾಕಾಗುತ್ತದೆ. 2016ರಲ್ಲಿ ಪ್ರಪಂಚದಾದ್ಯಂತ ಈ ಚುಚ್ಚುಮದ್ದಿನ ಕೊರತೆಯಿತ್ತು ಎಂಬುದೂ ನಿಜ. ಆದರೆ ಕೊರತೆಗೆ ಹೆದರಿ ಕಣ್ಣಳತೆಯಲ್ಲಿ ಹಂಚಿದ್ದಲ್ಲ, ಪರೀಕ್ಷೆ ಮಾಡಿ ನೋಡಿದ್ದರು. ಚಿಕ್ಕ ಡೋಸ್ ಒಂದೇ ಆದರೆ ಪೂರ್ಣ ಡೋಸ್‌ಗೆ ಸಮವಲ್ಲ, ಆದರೆ ಎರಡು ಚಿಕ್ಕ ಡೋಸ್‌ಗಳು ಒಂದು ಪೂರ್ಣ ಡೋಸ್‌ಗಿಂತ ಹೆಚ್ಚು ರಕ್ಷಣೆ ಕೊಡುತ್ತವೆ. ಎಂದರೆ ನಾನು ಸಿಟ್ಟಿನಲ್ಲಿ ತಪ್ಪಿಸಿದ ಆ ಎರಡನೆಯದೇ ಮುಖ್ಯವಾದದ್ದು! ತಡವಾಗಿಯಾದರೂ ಕೊಡಿಸಿದೆವು. 2023ರ ಜನವರಿಯಿಂದ ಒಂಬತ್ತನೇ ತಿಂಗಳಿಗೆ ಮೂರನೆಯದನ್ನೂ ಸೇರಿಸಿದ್ದಾರೆ, ಮಗಳಿಗೆ ಅದೂ ಆಯಿತು.

ಹನಿ ಇರುವಾಗ ಚುಚ್ಚುಮದ್ದು ಏಕೆ ಎಂದು ಕೇಳಬಹುದು. ಹನಿಯಲ್ಲಿರುವ ಜೀವಂತ ವೈರಸ್‌ನಿಂದಲೇ ಅತಿ ಅಪರೂಪವಾಗಿ ಪಾರ್ಶ್ವವಾಯು ಬರುವುದುಂಟು. ಚುಚ್ಚುಮದ್ದಿನ ವೈರಸ್ ಸತ್ತದ್ದು, ಅದರಿಂದ ಆ ಭಯವಿಲ್ಲ. ಇದನ್ನು ಮುಚ್ಚಿಡಬಾರದು. ಮುಚ್ಚಿಟ್ಟಾಗಲೇ ಅನುಮಾನ ಬೆಳೆಯುವುದು.

ಡೋಸ್ ಎಂದರೆ ಎಷ್ಟು ಎಂಬುದಷ್ಟೇ ಅಲ್ಲ, ಯಾವಾಗ ಎಂಬುದೂ ಹೌದು. ದಡಾರದ ಲಸಿಕೆಯನ್ನೇ ನೋಡಿ. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವನ್ನು ಕೆಲವು ತಿಂಗಳು ಕಾಯುತ್ತವೆ. ಅವು ಇರುವಾಗಲೇ ಲಸಿಕೆ ಕೊಟ್ಟರೆ, ಅವೇ ಲಸಿಕೆಯ ವೈರಸ್ಸನ್ನೂ ಹೊಡೆದುಹಾಕುತ್ತವೆ. ಒಂಬತ್ತನೇ ತಿಂಗಳಿಗೆ ಕೊಟ್ಟರೆ ಸುಮಾರು ಶೇ. 85 ಮಕ್ಕಳಿಗೆ ರಕ್ಷಣೆ, ಒಂದು ವರ್ಷ ತುಂಬಿದ ಮೇಲೆ ಕೊಟ್ಟರೆ ಸುಮಾರು ಶೇ. 95. ಹಾಗಾದರೆ ಕಾಯಬಹುದಲ್ಲ? ದಡಾರ ಹೆಚ್ಚಿರುವ ದೇಶದಲ್ಲಿ ಕಾಯುವಷ್ಟರಲ್ಲಿ ಕೂಸಿಗೆ ರೋಗವೇ ಬಂದುಬಿಡಬಹುದು. ಅದಕ್ಕೇ ನಮ್ಮಲ್ಲಿ ಮೊದಲನೆಯದು ಒಂಬತ್ತನೇ ತಿಂಗಳಿಗೆ, ಉಳಿದ ಮಕ್ಕಳನ್ನೂ ಸೇರಿಸಿಕೊಳ್ಳಲು ಎರಡನೆಯದು 16ರಿಂದ 24 ತಿಂಗಳೊಳಗೆ. ಲಸಿಕೆ ಇಲ್ಲದವರ ನಡುವೆ ದಡಾರದ ಒಬ್ಬ ರೋಗಿಯಿಂದ 12ರಿಂದ 18 ಜನಕ್ಕೆ ಹರಡುತ್ತದೆ. ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿದ್ದರೆ ಮಾತ್ರ, ಇನ್ನೂ ಲಸಿಕೆಯ ವಯಸ್ಸಾಗದ ಎಳೆಗೂಸುಗಳಿಗೆ ಊರೇ ಬೇಲಿಯಾಗುತ್ತದೆ. ಎರಡನೆಯದನ್ನು ಮರೆಯುವವರೇ ಹೆಚ್ಚು, ದಯವಿಟ್ಟು ಮರೆಯಬೇಡಿ. ಸಣ್ಣ ನೆಗಡಿ ಇದೆ ಎಂದು ಮುಂದೂಡಬೇಕಾಗಿಲ್ಲ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಬನ್ನಿ. ಒಂದೆರಡು ದಿನ ಜ್ವರ, ನೋವು ಬರಬಹುದು, ಹೆದರಬೇಡಿ.

ಪರೀಕ್ಷೆ ಮಾಡಿ ಡೋಸ್ ಆರಿಸುವುದನ್ನು ಕೊರೊನಾ ಕಾಲದಲ್ಲಿ ನಾವೇ ಕಂಡೆವು. ಫೈಜರ್ ಲಸಿಕೆ ದೊಡ್ಡವರಿಗೆ 30 ಮೈಕ್ರೋಗ್ರಾಂ. 5ರಿಂದ 11 ವರ್ಷದ ಮಕ್ಕಳಲ್ಲಿ 10, 20, 30 ಮೂರನ್ನೂ ನೋಡಿ, 10ರಲ್ಲೇ ಸಾಕಷ್ಟು ಪ್ರತಿಕಾಯ ಬಂದು ತೊಂದರೆಯೂ ಕಡಿಮೆ ಎಂದು ಅದನ್ನೇ ಆರಿಸಿದರು. ನಮ್ಮ ಕೊವ್ಯಾಕ್ಸಿನ್ ಮಾತ್ರ ಮಕ್ಕಳಿಗೂ ದೊಡ್ಡವರಿಗೂ ಒಂದೇ, 6 ಮೈಕ್ರೋಗ್ರಾಂ. ಒಂದು ಲಸಿಕೆಯ ಲೆಕ್ಕ ಇನ್ನೊಂದಕ್ಕೆ ಬರುವುದಿಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಿ ತಿಳಿಯಬೇಕು.

ಕೊನೆಯದಾಗಿ ಎರಡು ಮಾತು. ಮನೆಗೆ ಹೋದ ಮೇಲೆ ಮಗುವಿನ ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ. ಯಾವುದಾದರೂ ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬಹುದು. ಹೈಸ್ಕೂಲು ಮಕ್ಕಳೇ, ನಿಮಗೂ ಉಂಟು. 10 ಮತ್ತು 16ನೇ ವಯಸ್ಸಿಗೆ ಧನುರ್ವಾಯು, ಗಂಟಲಮಾರಿ ತಡೆಯುವ ಟಿ.ಡಿ. ಚುಚ್ಚುಮದ್ದಿದೆ. ಶಾಲೆಗೆ ಸಿಸ್ಟರ್ ಬಂದ ದಿನ ಹಿಂದಿನ ಬೇಲಿ ಹಾರಿ ಓಡಬೇಡಿ. ನಾವು ಓಡಿದ್ದೆವು, ಮೇಷ್ಟ್ರು ಹಿಡಿದು ತಂದಿದ್ದರು.

ಇನ್ನೊಂದು ಮಾತು ನನ್ನ ಹಾಗೆ ಓದಿದವರಿಗೆ. ಯಾರಾದರೂ "ಯಾಕೆ?" ಎಂದು ಕೇಳಿದರೆ "ಸರ್ಕಾರ ಹೇಳಿದೆ" ಎನ್ನಬೇಡಿ. ಕೇಳಿದವರು ದಡ್ಡರು ಎಂದುಕೊಳ್ಳಬೇಡಿ. ಉತ್ತರ ಇದೆ, ಅದನ್ನು ಅವರ ಮಾತಿನಲ್ಲೇ ಹೇಳಿ. ಅಂದು ನಾನು ಎಕ್ಸ್ ಹಾಕಿ ಬಂದ ಮನೆಗೆ ಸಂಜೆ ಅಂಗನವಾಡಿ ಟೀಚರ್ ಹೋಗಿದ್ದರು. ಜಗಲಿಯ ಮೇಲೆ ಕೂತು, ಅಜ್ಜಿ ಕೊಟ್ಟ ಎಲೆ ಅಡಿಕೆ ಹಾಕಿಕೊಂಡು, ಅರ್ಧ ಗಂಟೆ ಮಾತಾಡಿದರು. ಆಮೇಲೆ ಅಜ್ಜಿಯೇ ಮೊಮ್ಮಗನ ಬಾಯಿ ಅಗಲಿಸಿ ಹಿಡಿದರಂತೆ. ಮರುದಿನ ಬೆಳಿಗ್ಗೆ ನಾನು ಹೋಗಿ ಎಕ್ಸ್ ಅಳಿಸಿ 'ಪಿ' ಬರೆದು ಬಂದೆ.

ಆ ಅಜ್ಜಿ ಈಗಿಲ್ಲ. ಅವರ ಪ್ರಶ್ನೆಗೆ ಉತ್ತರ ಹುಡುಕುವುದನ್ನು ಕಲಿಸಿದ್ದು ಈ ಶಾಲೆ, ನನ್ನ ಗುರುಗಳು.