ಒಂದೇ ಪರಾತದಾಗ ಊಟ

ಒಮಾನದ ನಿಜ್ವಾದಲ್ಲಿ ನಾನು ಇಂಗ್ಲಿಷ್ ಕಲಿಸ್ತಿದ್ದೆ. ಅಲ್ಲಿ ಶುಕ್ರವಾರ, ಶನಿವಾರ ಸೂಟಿ, ರವಿವಾರ ಶಾಲೆ. ಈದ್ ಹಬ್ಬಕ್ಕೆ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಕರೆದರು. ನೆಲದ ಮೇಲೆ ದೊಡ್ಡ ಪರಾತ, ಅದರಲ್ಲಿ ಅನ್ನ, ನೆಲದ ಕುಣಿಯಲ್ಲಿ ಹೂತು ಬೇಯಿಸಿದ ಶುವಾ ಮಾಂಸ. ಎಂಟು ಮಂದಿಯ ಬಲಗೈ ಅದೇ ಪರಾತಕ್ಕೆ. ನನ್ನ ಕೈ ಒಂದು ಗಳಿಗೆ ನಿಂತೇಬಿಡ್ತು. ನಮ್ಮೂರ ಚಹಾದಂಗಡಿಯಲ್ಲಿ ಅಪ್ಪನ ಕಪ್ಪು ಹೊರಗಿನ ಗೂಡಿನಲ್ಲಿ ಇರ್ತಿತ್ತಲ್ಲ, ನಿಮಗೂ ಗೊತ್ತು. ಮನೆಯ ಯಜಮಾನರೇ ಒಳ್ಳೆ ತುಂಡು ಹರಿದು ನನ್ನ ಮುಂದಿಟ್ಟರು. ಆಮೇಲೆ ಖರ್ಜೂರ, ಕಹ್ವಾ. ಸಾಕಾದರೆ ಬಟ್ಟಲು ಅಲುಗಾಡಿಸಬೇಕು, ಇಲ್ಲಂದ್ರೆ ಹಾಕ್ತಾನೇ ಇರ್ತಾರೆ!

ಅಲ್ಲಿ ಮೇಲು-ಕೀಳೇ ಇಲ್ಲ ಅನ್ನಲಾರೆ. ಬಿಸಿಲಲ್ಲಿ ಕಟ್ಟಡ ಕಟ್ಟುವ ನಮ್ಮ ದೇಶದ ಕೂಲಿಗಳು ಆ ಪರಾತದ ಸುತ್ತ ಇರಲಿಲ್ಲ. ಆದರೆ ಅಡ್ಡಹೆಸರು ಕೇಳಿ ಜಾತಿ ಹುಡುಕಿದವರು ನಮ್ಮ ದೇಶದ ಮಾಸ್ತರರೇ. ಮರುದಿನದಿಂದ ಅವರ ಊಟದ ಡಬ್ಬಿ ಬೇರೆ ಮೇಜಿಗೆ ಹೋಯ್ತು.