ಚಳಿಗಾಲಕ್ಕೆ ಮುನ್ನ ಗೋಗ್ರಾಸದ ಚಿಂತನೆ



ಕಾರ್ತೀಕ ಶುಕ್ಲ ಅಷ್ಟಮಿಯೇ ಗೋಪಾಷ್ಟಮಿ. ಕರುಗಳನ್ನು ಮೇಯಿಸುತ್ತಿದ್ದ ಶ್ರೀಕೃಷ್ಣನು ಗೋವುಗಳ ಪಾಲಕನಾದ ದಿನವೆಂದು ಇದರ ಪ್ರಸಿದ್ಧಿ. ದೆಹಲಿಯ ಪ್ರಾಂತದಲ್ಲಿ ಈ ಪರ್ವವು ಚಳಿ ಕಾಲಿಡುವ ಹೊತ್ತಿಗೇ ಬರುತ್ತದೆ. ಅಂದು ಗೋಶಾಲೆಗೆ ಬರುವವರ ಕೈಯಲ್ಲಿ ಅನ್ನ, ರೊಟ್ಟಿ, ಬೆಲ್ಲ, ಪಾಯಸ. ಭಕ್ತಿಗೇನೂ ಕೊರತೆಯಿಲ್ಲ. ಆದರೆ ಗೋವಿನ ಉದರವು ಹುಲ್ಲಿಗಾಗಿ ನಿರ್ಮಿತವಾದದ್ದು. ಅದರ ದೊಡ್ಡ ಕೋಷ್ಠದಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ನಿಧಾನವಾಗಿ ಪಚನಗೊಳಿಸುತ್ತವೆ. ಅಲ್ಲಿಗೆ ಬೇಯಿಸಿದ ಧಾನ್ಯವು ಒಮ್ಮೆಲೇ ಹೇರಳವಾಗಿ ಬಿದ್ದರೆ ಆಮ್ಲವು ಮಿತಿಮೀರಿ, ಮೆಲುಕು ನಿಂತು, ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಐದೇ ಹಸುಗಳಿರುವ ಗೋಶಾಲೆಗೆ ನೂರು ಮನೆಯವರು ಬಂದರೆ, ಪ್ರತಿಯೊಬ್ಬರದೂ ಒಂದೇ ತುತ್ತು. ಹಸುವಿಗೆ ಮಾತ್ರ ಅದು ಒಂದೇ ತುತ್ತಲ್ಲ! ಪ್ಲಾಸ್ಟಿಕ್ ಚೀಲದ ಸಮೇತ ಎಸೆಯುವವರ ವಿಷಯವನ್ನು ಹೇಳದಿರುವುದೇ ಲೇಸು.

ಹಾಗಾದರೆ ಬೇಕಾದದ್ದೇನು? ನಾಲ್ಕುನೂರು ಕಿಲೋ ತೂಗುವ ಹಸುವಿಗೆ ದಿನಕ್ಕೆ ಸುಮಾರು 10 ಕಿಲೋ ಒಣತೂಕದ ಆಹಾರ ಬೇಕು. ಅದರಲ್ಲಿ 5 ಕಿಲೋ ಗೋಧಿಹೊಟ್ಟೆಂದು ಹಿಡಿದರೂ, ಐದು ಹಸುಗಳಿಗೆ ನಾಲ್ಕು ತಿಂಗಳಿಗೆ 30 ಕ್ವಿಂಟಲ್ ಆಯಿತು. ಇದನ್ನು ಮೊದಲೇ ಕೊಂಡು, ನೆಲದ ತೇವ ತಾಗದಂತೆ ಅಟ್ಟಣೆಯ ಮೇಲೆ ಒಟ್ಟಬೇಕು. ಬೂಷ್ಟು ಹಿಡಿದುದು ಸರ್ವಥಾ ವರ್ಜ್ಯ.

ಕಠಿಣವಾದ ಕಾಲ ನಡುಚಳಿಯದಲ್ಲ, ಅದರ ಮುಂಚಿನದು. ಮಳೆಗಾಲದ ಜೋಳದ ಮೇವು ಮುಗಿದಿರುತ್ತದೆ. ಅಕ್ಟೋಬರಿನಲ್ಲಿ ಬಿತ್ತಿದ ಬರ್ಸೀಮ್ ಮೊದಲ ಕೊಯ್ಲಿಗೆ ಬರಲು ಐವತ್ತು ಅರುವತ್ತು ದಿನಗಳು ಬೇಕು. ಮುಸುಕಿನ ಜೋಳವನ್ನು ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿಟ್ಟ ರಸಮೇವು ಈ ಅಂತರವನ್ನು ತುಂಬುತ್ತದೆ. ಬರ್ಸೀಮ್ ಬಂದ ಮೇಲೂ ಆತುರ ಸಲ್ಲದು. ಇಬ್ಬನಿಯಲ್ಲಿ ನೆನೆದ ಎಳೆ ಸೊಪ್ಪನ್ನು ಹಸಿದ ಹಸು ಗಬಗಬನೆ ತಿಂದರೆ ಹೊಟ್ಟೆಯುಬ್ಬರವಾಗುತ್ತದೆ. ಬಾಡಿಸಿ, ಹೊಟ್ಟಿನೊಡನೆ ಬೆರೆಸಿ ಹಾಕುವುದು ಕ್ರಮ.

ಜಂತುನಾಶಕ ಔಷಧ, ಕಾಲುಬಾಯಿ ಜ್ವರದ ಲಸಿಕೆ ಇವು ಪಶುವೈದ್ಯರ ಸಲಹೆಯಂತೆ ಚಳಿಗೆ ಮುನ್ನವೇ ಮುಗಿದಿರಲಿ. ಎಳೆಗರುವಿಗೂ ಮುದಿಹಸುವಿಗೂ ಗೋಣಿಯ ಹೊದಿಕೆ, ಕೆಳಗೆ ಒಣಹುಲ್ಲಿನ ಹಾಸು ಅವಶ್ಯ. ಕೊಟ್ಟಿಗೆಯನ್ನು ಪೂರ್ತಿ ಮುಚ್ಚಿದರೆ ಗಂಜಲದ ಘಾಟಿಗೆ ಶ್ವಾಸರೋಗ ಬರುತ್ತದೆ. ಗಾಳಿ ಬೀಸುವ ದಿಕ್ಕಿಗೆ ಪರದೆ, ಮೇಲೆ ಕಿಂಡಿ ಇದ್ದರೆ ಸಾಕು. ತಣ್ಣೀರಿಗೆ ಹಸು ಹಿಂಜರಿಯುತ್ತದೆ, ನೀರು ಕಡಿಮೆಯಾದರೆ ಒಣಮೇವನ್ನೂ ಬಿಡುತ್ತದೆ. ಆದುದರಿಂದ ರಾತ್ರಿ ತೊಟ್ಟಿಯಲ್ಲಿ ನಿಂತ ನೀರನ್ನು ಬೆಳಿಗ್ಗೆ ಚೆಲ್ಲಿ, ಆಗಷ್ಟೇ ಕೊಳವೆಬಾವಿಯಿಂದ ಎತ್ತಿದ ಬೆಚ್ಚನೆಯ ನೀರನ್ನು ತುಂಬಿಸಬೇಕು.