ಮಗನ ಫುಟ್‌ಬಾಲು, ಅಪ್ಪನ ಕುರ್ಚಿ



ರಜಾದಿನ ರೆಡ್ಮಂಡ್‌ನ ಮೇರಿಮೂರ್ ಪಾರ್ಕಿಗೆ ಹೋದವರು ನೋಡಿರುತ್ತೀರಿ. ನಲವತ್ತು ದಾಟಿದ ಮಕ್ಕಳು ಫುಟ್‌ಬಾಲ್ ಆಡುತ್ತಿರುತ್ತಾರೆ, ಅಪ್ಪ ಅಮ್ಮ ಮಫ್ಲರ್ ಸುತ್ತಿಕೊಂಡು ಪಕ್ಕದಲ್ಲಿ ಕೂತಿರುತ್ತಾರೆ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಒಂದು ದಿನ ಓಡಿದರೆ ತೊಡೆಯ ಹಿಂಭಾಗ ಹಿಡಿದುಕೊಳ್ಳದೆ ಇರುತ್ತದೆಯೇ? ಫಿಸಿಯೋಥೆರಪಿಸ್ಟ್ ಆದ ನನ್ನ ಬಳಿಗೆ ಸೋಮವಾರ ಕುಂಟುತ್ತ ಬರುವವರು ಇವರೇ.

ಅವರಿಗೆ ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಹೇಳಿಕೊಡುತ್ತೇನೆ. ಎರಡು ಮೂರು ವಾರಕ್ಕೇ "ಕಾಲು ಹಗುರವಾಗಿದೆ, ಕೊನೆಯವರೆಗೂ ಓಡಬಲ್ಲೆ ಅನ್ನಿಸುತ್ತದೆ" ಎನ್ನುತ್ತಾರೆ. ಅಷ್ಟು ಬೇಗ ಸ್ನಾಯು ಬೆಳೆದಿರುವುದಿಲ್ಲ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸುವುದನ್ನು ನರಗಳು ಮೊದಲು ಕಲಿಯುತ್ತವೆ. ಸ್ನಾಯು ಬೆಳೆಯುವುದು ಆಮೇಲೆ.

ಇದು ವಯಸ್ಸಿನವರಿಗೆ ಮಾತ್ರ ಅಂದುಕೊಳ್ಳಬೇಡಿ. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ, ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು.

ಆದರೆ "ಅನ್ನಿಸುವುದು" ಮೋಸವನ್ನೂ ಮಾಡುತ್ತದೆ. ನಮ್ಮ ಅಪ್ಪ ಬಂದಿದ್ದಾಗ ಅವರಿಗೆ 73. "ದಿನಾ ಒಂದು ಗಂಟೆ ವಾಕಿಂಗ್ ಮಾಡ್ತೀನಿ, ನನಗೇನಾಗಿದೆ?" ಎನ್ನುತ್ತಿದ್ದರು. ಮನೆಯ ತಗ್ಗು ಸೋಫಾದಿಂದ ಏಳುವಾಗ ಮಾತ್ರ ಎರಡೂ ಕೈ ಊರುತ್ತಿದ್ದರು. ಒಂದು ದಿನ ಕೈಯನ್ನು ಎದೆಗೆ ಕಟ್ಟಿಸಿ, ಗಟ್ಟಿ ಕುರ್ಚಿಯಿಂದ ಎದ್ದು ಕೂರಿಸಿ ಎಣಿಸಿದೆ. ಅರ್ಧ ನಿಮಿಷದಲ್ಲಿ ಎಂಟು ಸಲ ಎದ್ದರು. ಆ ದಿನವೆಲ್ಲ ನನ್ನ ಮೇಲೆ ಮುನಿಸು.

ಇಲ್ಲಿನ ಆರೋಗ್ಯ ಇಲಾಖೆ ಸಿಡಿಸಿಯ ಪಟ್ಟಿಯಂತೆ 70ರಿಂದ 74 ವಯಸ್ಸಿನ ಗಂಡಸರು 12, ಹೆಂಗಸರು 10 ಸಲವಾದರೂ ಏಳಬೇಕು. 75ರಿಂದ 79ರವರಿಗೆ 11 ಮತ್ತು 10. ಅದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. ಕೈ ಊರಿದರೆ ಲೆಕ್ಕ ಸೊನ್ನೆ! ಬರೀ ನಡಿಗೆಯಿಂದ ಈ ಬಲ ಸಾಕಷ್ಟು ಬರುವುದಿಲ್ಲ. ಮಳೆಗಾಲದ ಸಿಯಾಟಲ್ಲಿನಲ್ಲಿ, ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುವಾಗ ಆ ನಡಿಗೆಯೂ ನಿಲ್ಲುತ್ತದೆ. ಇಲ್ಲಿ ಬಿದ್ದು ಸೊಂಟ ಮುರಿದರೆ ಏನಾಗುತ್ತದೆಂದು ವಿಸಿಟರ್ ಇನ್ಶೂರೆನ್ಸಿನ ಕಾಗದ ಓದಿದ ಮಕ್ಕಳನ್ನು ಕೇಳಿ.

ವಾರದಲ್ಲಿ ಎರಡು ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು. ಕುರ್ಚಿಯಿಂದ ಎದ್ದು ಕೂರುವುದು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಅರ್ಧ ಗ್ಯಾಲನ್ ಹಾಲಿನ ಕ್ಯಾನ್, ಅಂದರೆ ಸುಮಾರು ಎರಡು ಕಿಲೋ, ಹಿಡಿದು ಮೊಣಕೈ ಮಡಚುವುದು. ಉಸಿರು ಮಾತ್ರ ಕಟ್ಟಬೇಡಿ, ಬಿಪಿ ಏರುತ್ತದೆ. ಏಳುವಾಗ ಉಸಿರು ಬಿಡಿ.

ಎಷ್ಟು ಕಷ್ಟಪಡಬೇಕು? ಸುಮ್ಮನೆ ಕೂತಿರುವುದು ಸೊನ್ನೆ, ಇನ್ನು ಸಾಧ್ಯವೇ ಇಲ್ಲ ಅನ್ನುವುದು ಹತ್ತು ಎಂದಾದರೆ, ನಿಮ್ಮದು ಐದು ಆರರಲ್ಲಿರಲಿ. ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಷ್ಟು ದಣಿದರೂ ಅಷ್ಟಾಗಿ ಏರುವುದಿಲ್ಲ. ಮಗ ಕೊಡಿಸಿದ ವಾಚನ್ನು ನಂಬಿ ಜಾಸ್ತಿ ಮಾಡಬೇಡಿ, ನಿಮ್ಮ ದಣಿವನ್ನೇ ನಂಬಿ. ಎದೆ ನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ಮನೆಯವರನ್ನು ಕೂಗಿ. ಎದೆ ನೋವಿಗೆ 911. ಸ್ಟೆಂಟ್ ಹಾಕಿಸಿಕೊಂಡವರು, ಮಂಡಿ ಬದಲಾಯಿಸಿಕೊಂಡವರು ಊರಿನ ಡಾಕ್ಟರಿಗೆ ಮೊದಲು ಒಂದು ಫೋನ್ ಮಾಡಿ.

ಅಪ್ಪ ಊರಿಗೆ ಹೊರಡುವ ಹೊತ್ತಿಗೆ ಹದಿಮೂರಕ್ಕೆ ಬಂದಿದ್ದರು. ಈಗ ನಿಮ್ಮ ಸರದಿ. ಕುರ್ಚಿ ಗೋಡೆಗೆ ಒತ್ತಿರಲಿ, ಕಾಲಲ್ಲಿ ಜಾರುವ ಸಾಕ್ಸ್ ಬೇಡ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ನಿಮ್ಮ ಲೆಕ್ಕವನ್ನು ಈ ಹಾಳೆಯ ಹಿಂದೆ ತಾರೀಖಿನೊಂದಿಗೆ ಬರೆದುಕೊಳ್ಳಿ.